ಬಿ ಪಕ್ಕದ ಚುಕ್ಕೆ

ಚಹಾ ಹೇಗಿದೆ ಎಂದು ಹೆಂಡತಿ ಕೇಳಿದ್ದಕ್ಕೆ ಅವನು ಪರವಾಗಿಲ್ಲ ಎಂದ. ಚಹಾ ನಿಜವಾಗಿಯೂ ಚೆನ್ನಾಗಿತ್ತು. ಇಪ್ಪತ್ತಾರು ವರ್ಷಗಳಿಂದ ಅವಳದು ಇದೇ ಪ್ರಶ್ನೆ, ಅವನದು ಇದೇ ಉತ್ತರ. ಪರವಾಗಿಲ್ಲ ಎಂದರೆ ಚೆನ್ನಾಗಿದೆ, ಇರಲಿ ಬಿಡು ಎಂದರೆ ಸಕ್ಕರೆ ಕಡಿಮೆ, ಏನೂ ಹೇಳದಿದ್ದರೆ ಲೋಟ ಸರಿಯಾಗಿ ತೊಳೆದಿಲ್ಲ ಎಂದು ಅವಳೇ ಒಂದು ಕೋಷ್ಟಕ ಮಾಡಿಕೊಂಡು ಸಂಸಾರ ತೂಗಿಸಿಕೊಂಡು ಬಂದಿದ್ದಳು. ಭಾವನ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಿಸಬೇಕಾದರೆ ಹಲ್ಲಿನ ಡಾಕ್ಟರನ್ನೇ ಕರೆಸಬೇಕು ಎಂದು ನಾದಿನಿ ಒಮ್ಮೆ ತಮಾಷೆ ಮಾಡಿದಾಗ ಅವನೂ ನಕ್ಕಿದ್ದ, ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು. ಇವತ್ತು ಮಾತ್ರ ಆ ಪರವಾಗಿಲ್ಲ ಬಾಯಿಂದ ಬಿದ್ದದ್ದೇ ತಡ, ಏನೋ ಕಳ್ಳತನ ಮಾಡಿದವನಂತೆ ಲೋಟದ ಮೇಲಿಂದ ಅವಳ ಮುಖ ನೋಡಿದ. ಅವಳು ಬೇರೇನೋ ಯೋಚಿಸುತ್ತಿದ್ದಳು. ನಿಮ್ಮ ಲ್ಯಾಬ್ ಅಟೆಂಡರ್ ಮಗಳ ಕಾಲೇಜು ಸೀಟಿನ ವಿಷಯ ಇವತ್ತೇ ಅಲ್ವಾ ಗೊತ್ತಾಗೋದು, ಎಂದಳು. ಹಿಂದಿನ ದಿನ ಊಟ ಮಾಡುವಾಗ ಅವನೇ ಬಾಯಿ ತಪ್ಪಿ ಹೇಳಿದ್ದ. ಹೂಂ ಎಂದು ಎದ್ದು ಚಪ್ಪಲಿ ಹುಡುಕತೊಡಗಿದ. ಚಪ್ಪಲಿ ಕಾಲಲ್ಲೇ ಇತ್ತು.

ಅವನು ಕೆಮಿಸ್ಟ್ರಿ ಮೇಷ್ಟ್ರು. ಎಲ್ಲವನ್ನೂ ಪೆನ್ಸಿಲಿನಲ್ಲೇ ಬರೆಯುವುದರಿಂದ ಮಕ್ಕಳು ಬೆನ್ನ ಹಿಂದೆ ಪೆನ್ಸಿಲ್ ಮೇಷ್ಟ್ರು ಎನ್ನುತ್ತಿದ್ದರು. ಅವನದು ಬ್ರಿಟಿಷ್ ಪರೀಕ್ಷೆಗೆ ಮಕ್ಕಳನ್ನು ಕೂರಿಸುವ ಶಾಲೆ. ಹದಿನಾರಕ್ಕೆ ಒಂದು ಪರೀಕ್ಷೆ, ಹದಿನೆಂಟಕ್ಕೆ ಎ ಲೆವೆಲ್ ಎಂಬ ಕೊನೆಯ ಪರೀಕ್ಷೆ. ಕೊನೆಯದರ ಫಲಿತಾಂಶ ಬರುವವರೆಗೆ ಕಾಲೇಜುಗಳು ಕಾಯುವುದಿಲ್ಲವಾದ್ದರಿಂದ ಏಳೆಂಟು ತಿಂಗಳು ಮೊದಲೇ ಪ್ರತಿ ಮೇಷ್ಟ್ರೂ ಈ ಮಗುವಿಗೆ ಇಷ್ಟು ಬಂದೀತು ಎಂದು ಒಂದು ಅಕ್ಷರ ಬರೆದುಕೊಡಬೇಕು. ಎಲ್ಲಕ್ಕಿಂತ ಮೇಲೆ ಎ ಸ್ಟಾರ್, ಅದರ ಕೆಳಗೆ ಎ, ಆಮೇಲೆ ಬಿ, ಸಿ. ಅದಕ್ಕೆ ಅಂದಾಜು ಗ್ರೇಡು ಎಂದು ಹೆಸರು. ಅವನದೊಂದು ಪದ್ಧತಿಯಿತ್ತು. ಎ ಬರುವ ಮಗುವಿಗೆ ಅವನು ಬಿ ಬರೆಯುತ್ತಿದ್ದ. ಬಿ ನೋಡಿದ ಮಗು ಹೆದರಿ ಓದುತ್ತದೆ, ಓದಿ ಎ ತರುತ್ತದೆ. ಎ ಎಂದು ಬರೆದುಕೊಟ್ಟರೆ ಅವತ್ತೇ ಕಾಲು ಚಾಚಿ ಮಲಗುತ್ತದೆ. ತಾನು ಯಾರಿಗೆ ಎಷ್ಟು ಇಳಿಸಿದ್ದೇನೆ ಎಂಬುದು ತನಗೇ ಮರೆಯಬಾರದೆಂದು ನೀಲಿ ರಟ್ಟಿನ ರಿಜಿಸ್ಟರಿನಲ್ಲಿ ಆ ಅಕ್ಷರದ ಪಕ್ಕ ಸಣ್ಣದೊಂದು ಚುಕ್ಕೆ ಇಡುತ್ತಿದ್ದ. ಒಂದು ಚುಕ್ಕೆಯೆಂದರೆ ನಿಜವಾದ ಗ್ರೇಡು ಒಂದು ಮೆಟ್ಟಿಲು ಮೇಲೆ. ಎರಡು ಚುಕ್ಕೆಯೆಂದರೆ ಎರಡು ಮೆಟ್ಟಿಲು. ಹದಿನಾಲ್ಕು ವರ್ಷದಲ್ಲಿ ಎರಡು ಚುಕ್ಕೆ ಇಟ್ಟದ್ದು ಮೂರೇ ಸಲ. ಚುಕ್ಕೆ ಇಲ್ಲದಿದ್ದರೆ ಬರೆದದ್ದೇ ನಿಜ. ಈ ಗುಟ್ಟು ಅವನೊಬ್ಬನಿಗೇ ಗೊತ್ತಿತ್ತು, ಅಥವಾ ಹಾಗೆಂದು ಅವನು ನಂಬಿದ್ದ. ಬ್ರಿಟನ್ನಿನ ಕಾಲೇಜಿಗೆ ಹೋಗುವ ಮಕ್ಕಳಿಗೆ ಇದರಿಂದ ಅಂಥ ತೊಂದರೆ ಆಗಿರಲಿಲ್ಲ, ಏಕೆಂದರೆ ಆ ಕಾಲೇಜುಗಳು ಇಷ್ಟು ತಂದರೆ ಸೀಟು ಎಂದು ಷರತ್ತು ಹಾಕಿ ಪರೀಕ್ಷೆ ಮುಗಿಯುವವರೆಗೆ ಸೀಟು ಕಾದಿಟ್ಟಿರುತ್ತವೆ. ಬೇರೆ ಕಡೆಯ ಕಾಲೇಜುಗಳ ರೀತಿ ಬೇರೆ ಇದ್ದೀತು ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ರಸ್ತೆಯಲ್ಲಿ ಅಂಗಡಿಯವನೊಬ್ಬ ಗಾಜಿನ ಬಾಗಿಲನ್ನು ಹಳೆಯ ದಿನಪತ್ರಿಕೆಯಿಂದ ಉಜ್ಜುತ್ತಿದ್ದ, ಉಜ್ಜಿದಲ್ಲೇ ಉಜ್ಜುತ್ತಿದ್ದ. ಸಾರ್, ಹತ್ತರಿಂದ ಗುಣಿಸಿಲ್ಲ. ಆ ದನಿ ಯಾವಾಗ ಬೇಕಾದರೂ ಬರುತ್ತಿತ್ತು, ಹಲ್ಲುಜ್ಜುವಾಗ, ಸಾಲಿನಲ್ಲಿ ನಿಂತಾಗ. ಒರಟಾದ ದನಿಯಲ್ಲ, ಪೆನ್ನು ಕೆಳಗೆ ಬಿದ್ದಿದೆ ನೋಡಿ ಎಂದು ಹೇಳುವಷ್ಟೇ ಸಾದಾ ದನಿ. ಇನ್ನೂರೈವತ್ತು ಮಿಲಿಲೀಟರ್ ದ್ರಾವಣದಲ್ಲಿ ಇಪ್ಪತ್ತೈದನ್ನು ಮಾತ್ರ ತೆಗೆದು ಅಳೆಯುವ ಲೆಕ್ಕ. ಕೊನೆಗೆ ಹತ್ತರಿಂದ ಗುಣಿಸಬೇಕು. ಅವನು ಗುಣಿಸದೆ ಉತ್ತರದ ಕೆಳಗೆ ಎರಡು ಗೆರೆ ಎಳೆದುಬಿಟ್ಟಿದ್ದ. ಹತ್ತೊಂಬತ್ತು ಮಕ್ಕಳು ಅದನ್ನು ಹಾಗೇ ಇಳಿಸಿಕೊಳ್ಳುತ್ತಿದ್ದರು. ಅಟೆಂಡರ್ ಮಗಳೊಬ್ಬಳೇ ಕೈ ಎತ್ತಿದಳು. ನೀವೆಲ್ಲ ಎಚ್ಚರ ಇದೀರಾ ಅಂತ ನೋಡಿದೆ, ಎಂದು ಅವನು ಎಲ್ಲ ಮೇಷ್ಟ್ರುಗಳೂ ಹೇಳುವ ಮಾತನ್ನೇ ಹೇಳಿದ. ಅಲ್ಲಿಗೆ ಮುಗಿಯಬೇಕಾಗಿತ್ತು. ಇಲ್ಲ ಸಾರ್, ಮೊನ್ನೆನೂ ಹೀಗೇ ಬಿಟ್ಟಿದ್ರಿ, ಎಂದಳು. ಕ್ಲಾಸು ನಕ್ಕಿತು. ನಗುವಿನಲ್ಲಿ ಕೆಟ್ಟತನವೇನೂ ಇರಲಿಲ್ಲ ಎಂದು ಈಗ ಅನಿಸುತ್ತದೆ. ಅವತ್ತು ಮಾತ್ರ ಕಿವಿಯವರೆಗೂ ಬಿಸಿಯೇರಿತ್ತು. ಡಸ್ಟರ್ ತೆಗೆದುಕೊಳ್ಳಲು ಬಗ್ಗಿದಾಗ ಲ್ಯಾಬಿನ ಹಿಂದಿನ ಸಿಂಕಿನಲ್ಲಿ ಅವಳಪ್ಪ ಪಿಪೆಟ್ಟುಗಳನ್ನು ತೊಳೆಯುತ್ತ ನಿಂತಿದ್ದು ಕಂಡಿತು. ತಲೆ ತಗ್ಗಿಸಿದ್ದ. ನಗುತ್ತಿದ್ದನೋ, ಮಗಳ ಬಾಯಿಗೆ ಹೆದರಿ ತಗ್ಗಿಸಿದ್ದನೋ, ಗೊತ್ತಾಗಲಿಲ್ಲ.

ಅದೇ ಮಧ್ಯಾಹ್ನ ಅಂದಾಜು ಗ್ರೇಡಿನ ಪುಟ ತುಂಬಿಸಿ ಕೊಡಬೇಕಾಗಿತ್ತು. ಒಂದೊಂದೇ ಹೆಸರಿನ ಮುಂದೆ ಬರೆಯುತ್ತ ಬಂದ. ಬಿ, ಚುಕ್ಕೆ. ಸಿ, ಚುಕ್ಕೆ. ಸಿ, ಬರೀ ಸಿ. ಅವಳ ಹೆಸರು ಬಂದಾಗ ಬಿ ಎಂದು ಬರೆದ. ಪೆನ್ಸಿಲ್ ಅಲ್ಲೇ ತಡೆಯಿತು. ಅವಳು ಎ ಸ್ಟಾರಿನ ಹುಡುಗಿ, ಅದರಲ್ಲಿ ಎರಡು ಮಾತಿರಲಿಲ್ಲ. ಇಡುವುದಾದರೆ ಎರಡು ಚುಕ್ಕೆ ಇಡಬೇಕು. ಅವನು ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ನೀರು ಕುಡಿಯಲು ಎದ್ದ, ತಿರುಗಿ ಬಂದು ಮುಂದಿನ ಹೆಸರಿಗೆ ಹೋದ. ಅಷ್ಟೇ ನಡೆದದ್ದು. ಬೈದಿರಲಿಲ್ಲ, ಯಾರ ಮುಂದೂ ದೂರಿರಲಿಲ್ಲ. ಚುಕ್ಕೆ ಇಡದೆ ಬಿಟ್ಟಿದ್ದ. ಸಂಜೆ ಅಟೆಂಡರ್ ಬಂದು ಎಂದಿನಂತೆ ರಿಜಿಸ್ಟರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮಕ್ಕಳ ಕಾಲೇಜು ಅರ್ಜಿಗಳನ್ನು ನೋಡಿಕೊಳ್ಳುವ ಕೌನ್ಸೆಲರ್ ರೂಮಿಗೆ ಕೊಂಡೊಯ್ದ. ಮರುದಿನ ಕ್ಲಾಸಿನಲ್ಲಿ ಅವಳು ಮೊದಲ ಬೆಂಚಿನಲ್ಲಿ ಕೂತು ಎಂದಿನಂತೆ ಅವನ ಮುಖವನ್ನೇ ನೋಡುತ್ತ ಪಾಠ ಕೇಳಿದಳು. ಅವನು ಅವತ್ತು ಪ್ರತಿ ಲೆಕ್ಕವನ್ನೂ ಎರಡೆರಡು ಸಲ ಗುಣಿಸಿ ನೋಡಿದ.

ತಾನು ಮಾಡಿದ್ದು ಏನೆಂದು ಅವನಿಗೆ ಗೊತ್ತಾದದ್ದು ಮೂರು ವಾರದ ಹಿಂದೆ. ಮುಂದಿನ ತಂಡದ ತಂದೆತಾಯಿಗಳಿಗಾಗಿ ಕೌನ್ಸೆಲರ್ ಒಂದು ಸಭೆ ಕರೆದಿದ್ದಳು. ಮೇಷ್ಟ್ರುಗಳೂ ಬರಬೇಕೆಂದು ಸುತ್ತೋಲೆ ಇತ್ತು. ಅವನು ಹಿಂದಿನ ಸಾಲಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದ. ಅವಳು ಬೋರ್ಡಿನ ಮೇಲೆ ಎರಡು ತಕ್ಕಡಿ ಬರೆದಳು. ಚಿತ್ರ ಸ್ವಲ್ಪ ಸೊಟ್ಟಗೇ ಬಂದಿತ್ತು. ನಮ್ಮ ಮಕ್ಕಳದ್ದು ಮೂರೋ ನಾಲ್ಕೋ ವಿಷಯ, ಆದರೆ ಆಳಕ್ಕೆ ಓದಿರುತ್ತಾರೆ. ಉತ್ತರ ಅಮೆರಿಕದ ಶಾಲೆಯ ಮಕ್ಕಳದ್ದು ನಾಲ್ಕು ವರ್ಷ, ಹತ್ತಾರು ವಿಷಯ, ಎಲ್ಲಕ್ಕೂ ಸೇರಿ ಒಂದು ಸರಾಸರಿ. ಅಲ್ಲಿನ ಕಾಲೇಜುಗಳು ಇದನ್ನು ಅದರ ಪಕ್ಕ ಇಟ್ಟು ತೂಗಬೇಕು. ಕೆಲವರು ನಮ್ಮ ಎ ಲೆವೆಲ್ಲನ್ನು ತಮ್ಮ ಕಾಲೇಜಿನ ಮೊದಲ ವರ್ಷಕ್ಕೆ ಸಮ ಎಂದು ಹಿಡಿಯುತ್ತಾರೆ, ಒಳ್ಳೆಯ ಗ್ರೇಡು ಬಂದರೆ ಒಂದೆರಡು ವಿಷಯ ಓದುವುದೇ ತಪ್ಪುತ್ತದೆ. ಕೆಲವರು ಅಷ್ಟು ತೂಕ ಕೊಡುವುದಿಲ್ಲ. ಒಬ್ಬೊಬ್ಬರದು ಒಂದೊಂದು ತಕ್ಕಡಿ. ಇಷ್ಟು ಹೇಳಿ ಅವಳು ಬೋರ್ಡಿನ ಕಡೆ ತಿರುಗಿ ಒಂದು ತೇದಿ ಬರೆದು ಅದರ ಸುತ್ತ ಸುತ್ತು ಹಾಕಿದಳು. ಅಲ್ಲಿಯ ಕಾಲೇಜುಗಳು ನಮ್ಮ ಕೊನೆಯ ಪರೀಕ್ಷೆಗೂ ಮೊದಲೇ ಬೇಕು, ಬೇಡ ಎಂದು ಹೇಳಿಬಿಡುತ್ತವೆ, ಆದ್ದರಿಂದ ಅವರ ಕಣ್ಣಿಗೆ ಅಂದಾಜು ಗ್ರೇಡೇ ನಿಮ್ಮ ಮಗುವಿನ ಗ್ರೇಡು, ಎಂದಳು. ಅವನ ಕೈಯಲ್ಲಿದ್ದ ಪೆನ್ಸಿಲ್ ಯಾರದೋ ಉತ್ತರದ ಮೇಲೆ ನಿಂತುಬಿಟ್ಟಿತು. ಅಟೆಂಡರ್ ಮಗಳು ಅರ್ಜಿ ಹಾಕಿದ್ದು ಒಂದೇ ಕಾಲೇಜಿಗೆ, ಅದೂ ಅಲ್ಲಿಯದೇ. ಪೂರ್ತಿ ವಿದ್ಯಾರ್ಥಿವೇತನ ಕೊಡುವ ಕಾಲೇಜು ಅದೊಂದೇ ಇದ್ದದ್ದು. ವಿದ್ಯಾರ್ಥಿವೇತನಕ್ಕೆ ಕೆಮಿಸ್ಟ್ರಿಯಲ್ಲಿ ಎ ಬೇಕೇಬೇಕು ಎಂದು ಅವರು ಹೇಳಿದ್ದಾರೆಂದು ಸ್ಟಾಫ್ ರೂಮಿನಲ್ಲಿ ಯಾರೋ ಮಾತಾಡಿಕೊಂಡದ್ದೂ ನೆನಪಾಯಿತು. ಸಭೆ ಮುಗಿದು ತಂದೆತಾಯಿಗಳೆಲ್ಲ ಬಿಸ್ಕತ್ತಿನ ತಟ್ಟೆಯ ಸುತ್ತ ಸೇರಿದರೂ ಅವನು ಏಳಲಿಲ್ಲ.

ಆಮೇಲೆ ಮೂರು ಸಲ ಕೌನ್ಸೆಲರ್ ರೂಮಿನ ಬಾಗಿಲವರೆಗೆ ಹೋಗಿದ್ದ. ಮೊದಲ ಸಲ ಒಳಗೆ ಯಾರೋ ಇದ್ದರು. ಎರಡನೆಯ ಸಲ ಅವಳು ಫೋನಿನಲ್ಲಿದ್ದಳು, ಕೈಸನ್ನೆಯಲ್ಲೇ ಕೂತ್ಕೊಳ್ಳಿ ಎಂದಳು. ಅವನು ಒಂದು ಸ್ಟೇಪ್ಲರ್ ಕೇಳಿ ತೆಗೆದುಕೊಂಡು ಬಂದ. ಮೂರನೆಯ ಸಲ ಯಾರೂ ಇರಲಿಲ್ಲ, ಅವಳೊಬ್ಬಳೇ ಕೂತಿದ್ದು ಬಾಗಿಲ ಸಂದಿಯಿಂದ ಕಾಣುತ್ತಿತ್ತು, ಅವನು ಸ್ಟೇಪ್ಲರನ್ನು ಹಿಂದಿರುಗಿಸಿ ಬಂದ. ಹೇಳುವುದಾದರೂ ಏನನ್ನು? ನನ್ನದು ಇಳಿಸಿ ಬರೆಯುವ ಅಭ್ಯಾಸ ಎಂದು ಹೇಳಬಹುದಿತ್ತು. ಅದರಲ್ಲಿ ಒಂದು ಮರ್ಯಾದೆಯಿತ್ತು, ಹಳೇ ಕಾಲದ ಕಟ್ಟುನಿಟ್ಟಿನ ಮೇಷ್ಟ್ರು ಎಂಬ ಮರ್ಯಾದೆ. ಆದರೆ ಅಭ್ಯಾಸವಾಗಿದ್ದರೆ ಚುಕ್ಕೆ ಇರುತ್ತಿತ್ತು. ಮಗುವೊಂದು ಎಲ್ಲರೆದುರು ನನ್ನ ತಪ್ಪು ತೋರಿಸಿತು, ನನಗೆ ಉರಿಯಿತು, ಅದಕ್ಕೆ ಅದರ ದಾರಿಗೆ ಕಲ್ಲು ಹಾಕಿದೆ ಎಂದು ಐವತ್ತಮೂರು ವರ್ಷದವನು ಯಾವ ಬಾಯಲ್ಲಿ ಹೇಳಬೇಕು? ಆ ಪುಟ ತೆರೆದು ನೋಡುವ ಧೈರ್ಯವೂ ಆಗಲಿಲ್ಲ. ರಿಜಿಸ್ಟರ್ ಬೀರುವಿನಲ್ಲಿ ಹಾಗೇ ಇತ್ತು. ಇದರ ಮೇಲೆ ಅಟೆಂಡರ್ ಬೇರೆ ಅವನೊಡನೆ ಮಾತು ಬಿಟ್ಟಂತಿದ್ದ. ಹದಿನಾಲ್ಕು ವರ್ಷ ಜೊತೆಯಲ್ಲಿ ಕೆಲಸ ಮಾಡಿದವನು. ಮಕ್ಕಳು ಬೀಕರಪ್ಪ ಎಂದರೆ ಹೂಂ ಎಂದು ಓಗೊಡುವವನು. ಆಸಿಡ್ ಬಾಟಲಿ ಎತ್ತುವಾಗ ಸಾರ್ ನೀವು ದೂರ ನಿಲ್ಲಿ ಎನ್ನುವವನು. ಈಗ ಸಾಮಾನು ಇಟ್ಟು, ಕಣ್ಣು ತಪ್ಪಿಸಿ, ಸರಕ್ಕನೆ ಹೊರಟುಬಿಡುತ್ತಿದ್ದ. ಯಾವಾಗಿನಿಂದ ಹೀಗೆ ಎಂದು ಲೆಕ್ಕ ಹಾಕಿದರೆ ಅದು ಮೂರು ವಾರದ್ದಲ್ಲ, ತಿಂಗಳುಗಳದ್ದು ಎನಿಸಿತು. ಅವನಿಗೆ ಎಲ್ಲ ಗೊತ್ತು. ಗೊತ್ತಿದ್ದೂ ನುಂಗಿಕೊಂಡಿದ್ದಾನೆ. ಬಂದು ಕೊರಳಪಟ್ಟಿ ಹಿಡಿದಿದ್ದರೂ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಇವತ್ತು ಎರಡನೆಯ ಪಿರಿಯಡ್ಡಿನಲ್ಲಿ ಅವನು ಚಿಕ್ಕ ಮಕ್ಕಳಿಗೆ ಉಪ್ಪಿನ ಹರಳು ಕಟ್ಟುವುದನ್ನು ತೋರಿಸುತ್ತಿದ್ದಾಗ ಅಟೆಂಡರ್ ಬಾಗಿಲಲ್ಲಿ ಬಂದು ನಿಂತ. ಮೇಡಂ ಕರೀತಿದ್ದಾರೆ, ನೀಲಿ ರಿಜಿಸ್ಟರ್ ತರಬೇಕಂತೆ, ಎಂದ. ಬಾಗಿಲ ಚೌಕಟ್ಟನ್ನು ನೋಡಿಕೊಂಡೇ ಹೇಳಿದ. ಹೇಳಿ ನಿಂತ. ಏನಂತೆ ಎಂದು ಅವನು ಕೇಳಿದ. ಗೊತ್ತಿಲ್ಲ ಸಾರ್ ಎಂಬ ಉತ್ತರ ಬಂತು. ಅಟೆಂಡರ್ ಮುಖ ಬಿಳಿಚಿಕೊಂಡಿತ್ತು. ಅವನಿಗೆ ತನ್ನ ಮುಖವೂ ಹಾಗೇ ಇರಬಹುದು ಎನಿಸಿತು. ಬೀರು ತೆರೆದು ರಿಜಿಸ್ಟರನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ. ಕಾರಿಡಾರು ಇಷ್ಟು ಉದ್ದವಿದೆಯೆಂದು ಗೊತ್ತಿರಲಿಲ್ಲ. ಬಣ್ಣದ ಕಾಗದದಲ್ಲಿ ಮಕ್ಕಳು ಮಾಡಿದ ಗ್ರಹಗಳು ಗೋಡೆಗೆ ಅಂಟಿಕೊಂಡಿದ್ದವು, ಒಂದು ಗ್ರಹದ ಉಂಗುರ ಬಿಚ್ಚಿ ಜೋತಾಡುತ್ತಿತ್ತು; ನಿಂತು ಅದನ್ನು ಒತ್ತಿ ಅಂಟಿಸಿದ. ಕೈ ತೆಗೆದ ಕೂಡಲೇ ಮತ್ತೆ ಬಿಚ್ಚಿಕೊಂಡಿತು. ಇನ್ನೊಮ್ಮೆ ಒತ್ತಿದ. ಹೇಳಿಬಿಡುತ್ತೇನೆ ಎಂದುಕೊಂಡ. ಒಳಗೆ ಹೋದ ಕೂಡಲೇ, ಅವಳು ಬಾಯಿ ತೆರೆಯುವ ಮೊದಲೇ. ಕೆಲಸ ಹೋದರೆ ಹೋಗಲಿ, ಕಾಲೇಜಿಗೆ ನಾನೇ ಕಾಗದ ಬರೆಯುತ್ತೇನೆ, ಕ್ಷಮೆ ಕೇಳುತ್ತೇನೆ.

ಕೌನ್ಸೆಲರ್ ಒಂದು ಕಾಲಕ್ಕೆ ಅವನದೇ ವಿದ್ಯಾರ್ಥಿನಿ. ಯಾರಾದರೂ ಎದುರಿಗಿದ್ದರೆ ಮೇಡಂ ಎನ್ನುತ್ತಿದ್ದ, ಇಲ್ಲದಾಗ ಅಮ್ಮ. ಅವಳು ಅವನನ್ನು ನೋಡಿ ಎದ್ದು ನಿಂತಳು. ಅವನು ಬಾಗಿಲು ಮುಚ್ಚಿ, ನೋಡಮ್ಮ, ಆ ಹುಡುಗಿಯ ಗ್ರೇಡು ನಾನು, ಎಂದು ಶುರು ಮಾಡಿದ. ಅವಳು ಕೇಳಿಸಿಕೊಳ್ಳಲೇ ಇಲ್ಲ.

"ಸೀಟು ಸಿಕ್ತು ಸಾರ್. ವಿದ್ಯಾರ್ಥಿವೇತನಾನೂ ಪೂರ್ತಿ ಕೊಟ್ಟಿದ್ದಾರೆ. ಈಗ ಕಾಲು ಗಂಟೆ ಆಯ್ತು ಪತ್ರ ಬಂದು. ಅವಳಪ್ಪನಿಗೂ ಹೇಳಿಲ್ಲ, ಮೊದಲು ನಿಮಗೆ ಹೇಳೋಣ ಅಂತ."

ಅವನು ಕುರ್ಚಿ ಹುಡುಕಿ ಕೂತ. ಕುರ್ಚಿಯ ಮೇಲೆ ಅವಳ ಕೈಚೀಲ ಇತ್ತು. ಅದರ ಮೇಲೇ ಕೂತ. ಅವಳು ನಕ್ಕು ಚೀಲವನ್ನು ಎಳೆದುಕೊಂಡಳು. ಬಿ ಇತ್ತಲ್ಲ, ಎಂದಷ್ಟೇ ಹೇಳಿದ. ಇತ್ತು, ಅದನ್ನ ವಿವರಿಸೋಕೆ ನನಗೆ ಸಾಕುಸಾಕಾಯ್ತು, ಎಂದು ಅವಳು ಡ್ರಾಯರಿನಿಂದ ಒಂದು ಕಡತ ತೆಗೆದಳು. ಅರ್ಜಿಯ ಜೊತೆ ಪ್ರತಿ ಶಾಲೆಯೂ ತನ್ನ ಬಗ್ಗೆ ಒಂದು ವಿವರಪತ್ರ ಕಳಿಸುತ್ತದೆ, ನಮ್ಮ ಗ್ರೇಡಿಗೆ ಏನರ್ಥ, ಹಿಂದಿನ ವರ್ಷಗಳಲ್ಲಿ ನಮ್ಮ ಮಕ್ಕಳಿಗೆ ಏನು ಬಂತು ಎಂದು. ಅದರ ಎರಡನೆಯ ಪುಟದಲ್ಲಿ ಕೆಮಿಸ್ಟ್ರಿಗೆ ಅಂತಲೇ ಅರ್ಧ ಪುಟ ಇತ್ತು. ಕಳೆದ ಎಂಟು ವರ್ಷಗಳಲ್ಲಿ ಈ ಅಧ್ಯಾಪಕರು ಚುಕ್ಕೆಯಿಟ್ಟು ಕೊಟ್ಟ ಬಿ ನಲವತ್ತೊಂದು. ಪರೀಕ್ಷೆಯಲ್ಲಿ ಅವುಗಳಲ್ಲಿ ಮೂವತ್ತಾರು ಎ ಅಥವಾ ಅದಕ್ಕೂ ಮೇಲಾಗಿವೆ. ಚುಕ್ಕೆಯಿಲ್ಲದ ಬಿ ಹತ್ತೊಂಬತ್ತು; ಹದಿನೇಳು ಬಿ ಆಗಿಯೇ ಉಳಿದಿವೆ. ಅವನು ಆ ಸಾಲುಗಳನ್ನು ಎರಡು ಸಲ ಓದಿದ. ಅಧ್ಯಾಪಕರು ಎಂದರೆ ತಾನೇ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ಚುಕ್ಕೆ ವಿಷಯ ನಿನಗೆ ಹೇಗೆ ಗೊತ್ತು?"

"ನಾನು ನಿಮ್ಮ ಕ್ಲಾಸಲ್ಲಿ ಕೂತಿದ್ದವಳು ಸಾರ್. ನೀವು ಕೈ ತೊಳ್ಕೊಳೋಕೆ ಹೋದಾಗೆಲ್ಲ ರಿಜಿಸ್ಟರ್ ಮೇಜಿನ ಮೇಲೇ ಇರ್ತಿತ್ತು. ನಮಗೆ ಗ್ರೇಡ್ ಯಾರಿಗೆ ಬೇಕಿತ್ತು? ಚುಕ್ಕೆ ಇದೆಯೋ ಇಲ್ವೋ, ಅಷ್ಟೇ ನೋಡ್ತಿದ್ವಿ. ಚುಕ್ಕೆ ಇದ್ರೆ ಅವತ್ತು ಸಿನಿಮಾ."

ಹದಿನಾಲ್ಕು ವರ್ಷದ ಗುಟ್ಟು ಹೀಗೆ ಸ್ಟೇಪ್ಲರ್ ಪಕ್ಕದಲ್ಲಿ ಬಟ್ಟಬಯಲಾಗಿ ಬಿದ್ದಿತ್ತು. ಹೆದರಿ ಓದುತ್ತಾರೆ ಎಂದುಕೊಂಡಿದ್ದ ಮಕ್ಕಳೆಲ್ಲ ಚುಕ್ಕೆ ನೋಡಿ ಸಿನಿಮಾಕ್ಕೆ ಹೋಗುತ್ತಿದ್ದರು, ಆದರೂ ಎ ತರುತ್ತಿದ್ದರು. ತನ್ನ ಪದ್ಧತಿಯಿಂದ ಯಾರಿಗೂ ಏನೂ ಆಗಿರಲಿಲ್ಲ, ಒಳ್ಳೆಯದೂ ಆಗಿರಲಿಲ್ಲ, ಕೆಟ್ಟದ್ದೂ ಆಗಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಎಷ್ಟೋ ದಿನದ ಮೇಲೆ ಬಿಗಿಯಾದ ಬೂಟು ಕಳಚಿದಂಥ ಹಾಯೆನಿಸಿತು. ಅವಳು ಹೇಳುತ್ತಲೇ ಇದ್ದಳು. ವಾರದ ಹಿಂದೆ ಆ ಕಾಲೇಜಿನವರು ಕೇಳಿದ್ದರಂತೆ, ಈ ಹುಡುಗಿಯ ಬಿ ಯಾವ ಬಿ ಎಂದು. ಚುಕ್ಕೆ ಇಲ್ಲದ ಬಿ ಆಗಿದ್ದಿದ್ದರೆ ತನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ, ಆ ಹತ್ತೊಂಬತ್ತರ ಗುಂಪಿಗೆ ಅವಳೂ ಸೇರುತ್ತಿದ್ದಳು. ಪುಣ್ಯಕ್ಕೆ ನೀವು ಇಟ್ಟಿದ್ದಿರಿ, ರಿಜಿಸ್ಟರ್ ಬಂದಾಗಲೇ ತೆಗೆದಿಟ್ಟಿದ್ದ ಆ ಪುಟದ ಜೆರಾಕ್ಸನ್ನೇ ಕಳಿಸಿಕೊಟ್ಟೆ. ಹೀಗೆಂದು ಆ ಜೆರಾಕ್ಸನ್ನು ಅವನ ಮುಂದಿಟ್ಟಳು.

ಅಟೆಂಡರ್ ಮಗಳ ಹೆಸರು. ಬಿ. ಬಿ ಪಕ್ಕ ಒಂದು ಚುಕ್ಕೆ.

ಅವನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೋಡಿದ. ಚುಕ್ಕೆ ಇತ್ತು. ಮೇಲಿನ ಬೇರೆ ಹೆಸರುಗಳ ಮುಂದೆ ಇದ್ದ ಹಾಗೇ ಇತ್ತು. ಇದೊಳ್ಳೆ ಕಥೆಯಾಯಿತಲ್ಲ, ಹಾಗಾದರೆ ನಾನು ಇಟ್ಟೇ ಇದ್ದೆನೇ, ನೀರು ಕುಡಿದು ಬಂದ ಮೇಲೆ ಮನಸ್ಸು ತಿಳಿಯಾಗಿ ಕೈ ತಾನೇ ತಾನಾಗಿ ಇಟ್ಟಿತೇ, ಮೂರು ವಾರದಿಂದ ಮಾಡದ ತಪ್ಪಿಗೆ ಒದ್ದಾಡಿದೆನೇ? ಹಾಗಿರಬಹುದು. ವಯಸ್ಸಾಯಿತು, ಹತ್ತರಿಂದ ಗುಣಿಸುವುದೇ ಮರೆಯುತ್ತದೆ, ಚುಕ್ಕೆ ಇಟ್ಟದ್ದು ಮರೆಯುವುದು ಯಾವ ಮಹಾ. ತಾನು ಅಷ್ಟು ಕೆಟ್ಟವನಲ್ಲ ಎಂಬ ಯೋಚನೆ ಬೆಚ್ಚಗಿತ್ತು. ಅದರೊಳಗೆ ಸ್ವಲ್ಪ ಹೊತ್ತು ಕೂತ. ಕೌನ್ಸೆಲರ್ ಮುಂದಿನ ತಂಡದ ಹೆಸರುಗಳ ಪಟ್ಟಿ ಕೊಟ್ಟು, ಇನ್ನು ಮೇಲಾದರೂ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಡಿ ಸಾರ್, ಚುಕ್ಕೆ ಪುರಾಣ ಹೇಳಿ ಹೇಳಿ ಆ ಕಾಲೇಜುಗಳ ಮುಂದೆ ನನಗೆ ಮುಖ ಎತ್ತೋಕಾಗಲ್ಲ, ಎಂದಳು. ಅದಕ್ಕೇ ರಿಜಿಸ್ಟರ್ ತರಲು ಹೇಳಿದ್ದು. ಇಲ್ಲೇ ಕೂತು ಬರೀರಿ ಎಂದರೂ ಕೇಳದೆ ಪಟ್ಟಿ ಎತ್ತಿಕೊಂಡು ಹೊರಟ. ಹೊರಡುವಾಗ ಅವಳಪ್ಪನಿಗೆ ನಾನೇ ಹೇಳುತ್ತೇನೆ ಎಂದ.

ಲ್ಯಾಬಿನ ಪಕ್ಕದ ಸ್ಟೋರ್ ರೂಮಿನಲ್ಲಿ ಯಾರೂ ಇರಲಿಲ್ಲ. ಬಾಟಲಿಗಳ ಮಧ್ಯೆ ಜಾಗ ಮಾಡಿ ರಿಜಿಸ್ಟರ್ ಇಟ್ಟು ಆ ಪುಟ ತೆರೆದ. ಕಿಟಕಿಯ ಬೆಳಕು ನೇರವಾಗಿ ಬೀಳುತ್ತಿತ್ತು. ಅವನ ಚುಕ್ಕೆಗಳು ಅವನಿಗೆ ಗೊತ್ತು. ಗಟ್ಟಿ ಮೊನೆಯ ಪೆನ್ಸಿಲ್, ಮಸುಕು ಬೂದುಬಣ್ಣ, ಸೂಜಿ ಚುಚ್ಚಿದಂತೆ ಸಣ್ಣದು. ಇದು ಕಪ್ಪಾಗಿತ್ತು, ಸ್ವಲ್ಪ ದಪ್ಪಗಿತ್ತು, ಓರೆ ಮಾಡಿ ನೋಡಿದರೆ ಮಿರುಗುತ್ತಿತ್ತು. ಜೆರಾಕ್ಸಿನಲ್ಲಿ ಎಲ್ಲ ಒಂದೇ ಬಣ್ಣ. ಇಲ್ಲಿ ಎದ್ದು ಕಾಣುತ್ತಿತ್ತು. ಉಗುರಿನಿಂದ ಮೆಲ್ಲನೆ ಕೆರೆದ. ಉಗುರಿನಡಿ ಮೇಣ ಸಿಕ್ಕಿತು. ಗಾಜಿನ ಸೀಸೆ, ಪ್ರನಾಳಗಳ ಮೇಲೆ ಗುರುತು ಬರೆಯುವ ಮೇಣದ ಪೆನ್ಸಿಲಿನ ಚುಕ್ಕೆ ಇದು. ಆ ಪೆನ್ಸಿಲ್ ಶಾಲೆಯಲ್ಲಿ ಒಬ್ಬರ ಅಂಗಿಯ ಜೇಬಿನಲ್ಲಿ ಮಾತ್ರ ಇರುತ್ತಿತ್ತು.

ಅವನು ಸ್ಟೂಲಿನ ಮೇಲೆ ಕೂತ. ಎರಡೂ ಕೈಯಲ್ಲಿ ರಿಜಿಸ್ಟರ್ ಹಿಡಿದು ಕಾರಿಡಾರಿನಲ್ಲಿ ಹೋಗುತ್ತಿದ್ದ ಬೆನ್ನು ನೆನಪಾಯಿತು. ಸಿಂಕಿನ ಮುಂದೆ ತಲೆ ತಗ್ಗಿಸಿ ನಿಂತು ಎಲ್ಲ ಕೇಳಿಸಿಕೊಂಡವನು ಅದೇ ಸಂಜೆ ದಾರಿಯಲ್ಲಿ ಎಲ್ಲೋ ನಿಂತು, ಬಹುಶಃ ಆ ಕಾಗದದ ಗ್ರಹಗಳ ಕೆಳಗೇ ನಿಂತು, ಪುಟ ತೆರೆದಿರಬೇಕು. ಹದಿನಾಲ್ಕು ವರ್ಷದಿಂದ ಹೊತ್ತವನಿಗೆ ಚುಕ್ಕೆಯ ಅರ್ಥ ತಿಳಿಯದೆ ಇದ್ದೀತೇ. ಮಗಳ ಹೆಸರಿನ ಮುಂದೆ ಬರೀ ಬಿ. ಇಂಥ ಕೆಲಸಕ್ಕೆ ಹಿಂದೆ ಎಂದೂ ಕೈ ಹಾಕಿದವನಲ್ಲ. ತೊಳೆಯುವಾಗ ಬಿರುಕು ಬಿಟ್ಟ ಒಂದು ಬೀಕರನ್ನೂ ಮುಚ್ಚಿಟ್ಟವನಲ್ಲ, ತಂದು ತೋರಿಸಿ ಬೈಸಿಕೊಂಡು ಹೋಗುವವನು. ಜೇಬಿನಲ್ಲಿದ್ದದ್ದು ಮೇಣದ ಪೆನ್ಸಿಲ್, ಅದರಲ್ಲೇ ಇಟ್ಟ. ಅದೂ ಒಂದೇ ಒಂದು. ಎರಡು ಇಡುವ ಧೈರ್ಯ ಬಂದಿರಲಿಕ್ಕಿಲ್ಲ, ಅಥವಾ ಮಗಳು ಅಷ್ಟು ಬುದ್ಧಿವಂತೆ ಎಂದು ಅವನಿಗೇ ಗೊತ್ತಿರಲಿಕ್ಕಿಲ್ಲ. ತಾನು ಅದನ್ನು ಅವನಿಗೆ ಎಂದೂ ಹೇಳಿರಲಿಲ್ಲವಲ್ಲ. ಏನ್ಸಾರ್ ಹೇಗೆ ಓದ್ತಾಳೆ ಎಂದು ಅವನು ಕೇಳಿದಾಗಲೆಲ್ಲ ಪರವಾಗಿಲ್ಲ ಎಂದಿದ್ದ. ಹಾಗಾದರೆ ಇಷ್ಟು ತಿಂಗಳೂ ಕಣ್ಣು ತಪ್ಪಿಸಿದ್ದು ಸಿಟ್ಟಿನಿಂದಲ್ಲ. ಇಬ್ಬರೂ ಒಂದೇ ಸಿಂಕಿನಲ್ಲಿ ಕೈ ತೊಳೆಯುತ್ತ, ಒಬ್ಬರಿಗೊಬ್ಬರು ಹೆದರಿಕೊಂಡು ಓಡಾಡಿದ್ದರು. ಇದು ಹೊಳೆದದ್ದೇ ಅವನಿಗೆ ನಗು ಬಂತು; ನಗುತ್ತಲೇ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ತಾನು ಒಳ್ಳೆಯವನಾಗಿ ಉಳಿಯಲಿಲ್ಲ, ಆ ಬೆಚ್ಚನೆಯ ಯೋಚನೆ ಇಲ್ಲಿಗೆ ಮುಗಿದುಹೋಯಿತು. ಆದರೆ ಮಗು ಉಳಿಯಿತು. ಎದೆಯ ಮೇಲಿದ್ದ ಕಲ್ಲು ಇಳಿದಿತ್ತು, ಅದನ್ನು ಇಳಿಸಿದವರು ಯಾರಾದರೇನು ಎನಿಸಿತು.

ಹೆಜ್ಜೆ ಸದ್ದಾಯಿತು. ಅಟೆಂಡರ್ ಒಂದು ತಟ್ಟೆ ತುಂಬ ಪ್ರನಾಳಗಳನ್ನು ಹಿಡಿದು ಒಳಗೆ ಬಂದ. ತೆರೆದ ಪುಟ ಕಂಡ ಕೂಡಲೇ ನಿಂತುಬಿಟ್ಟ; ತಟ್ಟೆಯ ಮೇಲೆ ಗಾಜುಗಳು ಒಂದಕ್ಕೊಂದು ತಾಕಿ ಕಿಣಿಕಿಣಿ ಎಂದವು. ಅವನು ಎದ್ದು ತಟ್ಟೆಯನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟ. ನಿನ್ನ ಮಗಳಿಗೆ ಸೀಟು ಸಿಕ್ಕಿತು, ಪೂರ್ತಿ ವಿದ್ಯಾರ್ಥಿವೇತನ, ಎಂದ. ಅಟೆಂಡರ್ ಕೈ ಮುಗಿಯಲು ಹೋಗಿ, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಮುಗಿಯಲೂ ಆಗದೆ ಪುಟವನ್ನೇ ನೋಡಿದ.

"ಸಾರ್, ಅದು ನಾನು..."

"ನಿನ್ನ ಜೇಬಲ್ಲಿರೋ ಪೆನ್ಸಿಲ್ ಕೊಡಪ್ಪ."

ಅಟೆಂಡರ್ ತೆಗೆದುಕೊಟ್ಟ. ಮೊಂಡಾದ ಕಪ್ಪು ಮೇಣದ ತುಂಡು, ಹಿಡಿಯುವಲ್ಲಿ ಕಾಗದ ಸವೆದುಹೋಗಿತ್ತು. ಅವನು ಬಗ್ಗಿ, ಮೊದಲಿದ್ದ ಚುಕ್ಕೆಯ ಪಕ್ಕದಲ್ಲೇ, ಅಷ್ಟೇ ದಪ್ಪದ ಇನ್ನೊಂದು ಚುಕ್ಕೆ ಇಟ್ಟ. ಇಟ್ಟು ಸ್ವಲ್ಪ ದೂರ ಸರಿದು ನೋಡಿದ. ಈಗ ಎರಡೂ ಒಂದೇ ಕೈಯವು ಎನ್ನುವ ಹಾಗಿದ್ದವು.

"ಒಂದು ಸಾಲ್ದು ಕಣಪ್ಪ. ಅವಳದು ಎ ಸ್ಟಾರು. ಅವತ್ತೇ ಎರಡು ಇಡಬೇಕಾಗಿತ್ತು, ಇಡಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು."

ಅಟೆಂಡರ್ ಪುಟದ ಮೇಲೆ ಬಗ್ಗಿದ. ಹೊರಗೆ ಗಂಟೆ ಹೊಡೆಯಿತು, ಮಕ್ಕಳು ಬೆಂಚು ಎಳೆಯುವ ಸದ್ದು ಕೇಳಿತು. ಆಮೇಲೆ ಅಟೆಂಡರ್ ಮೆಲ್ಲಗೆ, ಈ ಎರಡು ಚುಕ್ಕೆಗಳನ್ನು ಬಿಟ್ಟು ಬೇರೇನೂ ಕಾಣದವನಂತೆ, ಅಷ್ಟು ಚೆನ್ನಾಗಿ ಓದ್ತಾಳಾ ಸಾರ್, ಎಂದು ಕೇಳಿದ.

ಪರವಾಗಿಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು.

"ತುಂಬಾ ಚೆನ್ನಾಗಿ ಓದ್ತಾಳೆ," ಎಂದ. "ನನಗಿಂತ ಚೆನ್ನಾಗಿ."